ಹೂಳೆತ್ತುವವರ ಹೆಸರು

ಕಳೆದ ರಾಜ್ಯೋತ್ಸವದ ವೇಳೆ ನಮ್ಮ ಬಳಗ ಹೊರತಂದ ಸಂಚಿಕೆಯ ಕೊನೆಯ ಪುಟವನ್ನು ಈಚೆಗೆ ಮತ್ತೊಮ್ಮೆ ಓದಿದೆವು. ಅದು ಕೃತಜ್ಞತೆಯ ಪುಟ. ಜಾಹೀರಾತು ಕೊಟ್ಟವರು, ಕಾಗದದ ಖರ್ಚು ವಹಿಸಿಕೊಂಡವರು, ಮುಖಪುಟದ ಚಿತ್ರ ಬರೆದವರು, ಕರಡು ತಿದ್ದಿದವರು, ಮುದ್ರಣಾಲಯದವರು, ಮೂರು ವಾರ ಮಹಡಿಯ ಕೋಣೆ ಬಿಟ್ಟುಕೊಟ್ಟು ಹೊತ್ತುಹೊತ್ತಿಗೆ ಕಾಫಿ ಕಳಿಸಿದ ಮನೆಯವರು, ಹೀಗೆ ಯಾರನ್ನೂ ಮರೆತಿಲ್ಲವೆಂದು ಆಗ ನಮಗೆ ಹೆಮ್ಮೆಯಿತ್ತು. ಈಗ ಓದುವಾಗ ಆ ಪುಟ ನಮ್ಮನ್ನು ನಾಚಿಸುತ್ತದೆ. ಅದರ ಅಕ್ಷರಗಳು ಪರದೆಯ ಮೇಲೆ ಮೂಡಲು, ಒಂದಕ್ಕೊಂದು ಕೂಡಲು, ಕಾಗದಕ್ಕೆ ಇಳಿಯಲು ಕಾರಣರಾದವರ ಒಂದು ಹೆಸರೂ ಅಲ್ಲಿರಲಿಲ್ಲ. ಅಂಥವರಲ್ಲೊಬ್ಬಳು ನಮ್ಮ ಜತೆಯಲ್ಲೇ ಕುಳಿತು ಕರಡು ತಿದ್ದುತ್ತಿದ್ದಳು.

ಸಂಚಿಕೆಯ ಕೆಲಸ ನಡೆದದ್ದು ಪಲ್ಲಾವರಂನಲ್ಲಿ. ವಿಮಾನ ನಿಲ್ದಾಣಕ್ಕೆ ಹತ್ತಿದಂತಿರುವ ಚೆನ್ನೈಯ ಈ ಭಾಗದಲ್ಲಿ ಪ್ರತಿ ಶುಕ್ರವಾರ ಒಂದು ಸಂತೆ ಸೇರುತ್ತದೆ. ಗಿಡ, ಪಾತ್ರೆ, ಹಳೆಯ ಕಪಾಟು, ಇನ್ನೊಬ್ಬರು ಬಳಸಿ ಬಿಟ್ಟ ಕಂಪ್ಯೂಟರು, ಎಲ್ಲವೂ ಅಲ್ಲಿ ಸಿಗುತ್ತವೆ. ನಮ್ಮ ಬಳಗದ ಲ್ಯಾಪ್‌ಟಾಪು ಬಂದದ್ದೂ ಅಲ್ಲಿಂದಲೇ. ಅದರೊಳಗಿದ್ದ ವ್ಯವಸ್ಥೆ ಮುಪ್ಪಾಗಿ ತೆವಳುತ್ತಿತ್ತು. ಬಳಗದ ಅತಿ ಕಿರಿಯ ಸದಸ್ಯೆ, ಹಗಲು ಜಿ.ಎಸ್.ಟಿ. ರಸ್ತೆಯ ಒಂದು ಕಚೇರಿಯಲ್ಲಿ ದುಡಿಯುವ ತರುಣಿ, ಅದನ್ನು ಮನೆಗೊಯ್ದು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಹಾಕಿ ತಂದಳು. ಕಾಸು ಖರ್ಚಾಗಲಿಲ್ಲ. ಕನ್ನಡದ ಕೀಲಿಮಣೆ, ಕನ್ನಡದ ಫಾಂಟುಗಳು, ಪುಟ ಕಟ್ಟುವ ತಂತ್ರಾಂಶ, ಎಲ್ಲ ಅಲ್ಲೇ ಇದ್ದವು. ‘ಪುಕ್ಕಟೆ ಸಿಕ್ಕಿತು’ ಎಂದು ನಾವು ಸಂತೋಷಪಟ್ಟೆವು. ಆ ಮಾತಿಗೆ ಅವಳು ಏನೂ ಹೇಳಲಿಲ್ಲ.

ಕೆಲವು ತಿಂಗಳ ಬಳಿಕ, ಭಾನುವಾರದ ಓದು ಮುಗಿದ ಮೇಲೆ, ಆರು ವರ್ಷಗಳಿಂದ ತಾನು ನೋಡಿಕೊಳ್ಳುತ್ತಿರುವ ಒಂದು ಪ್ಯಾಕೇಜನ್ನು ಬಿಟ್ಟುಬಿಡುವ ಯೋಚನೆಯಿದೆಯೆಂದು ಅವಳು ಮಾತಿನ ನಡುವೆ ಹೇಳಿದಳು. ನಮ್ಮ ಖಜಾಂಚಿಯವರು ಕೇಳಿದರು:

“ಅದಕ್ಕೆ ಸಂಬಳ ಎಷ್ಟು ಕೊಡ್ತಾರಮ್ಮ?”

“ಸಂಬಳ ಇಲ್ಲ ಮಾಮ.”

“ಮತ್ತೆ ಬಿಟ್ಟರೆ ನಿನಗೇನು ನಷ್ಟ?”

“ನನಗಲ್ಲ ಮಾಮ. ನೀವು ಟೈಪ್ ಮಾಡ್ತೀರಲ್ಲ, ನಿಮಗೆ.”

ಈ ಬರಹ ಆ ಮಾತಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ. ನಮ್ಮ ವಾದ ಇಷ್ಟೇ: ಕಂಪ್ಯೂಟರಿನೊಳಗೆ ಕನ್ನಡವನ್ನು ಪೊರೆಯುತ್ತಿರುವ ಸ್ವಯಂಸೇವಕರ ದುಡಿಮೆ ಭಾಷೆಯ ದುಡಿಮೆಯೇ ಆಗಿದೆ. ಅದನ್ನು ಕಾಣದೆ, ಅದಕ್ಕೆ ಕೈಜೋಡಿಸದೆ, ಅದರದೇ ಮೇಲೆ ಕುಳಿತು ಕನ್ನಡದ ಅಳಿವು ಉಳಿವಿನ ಭಾಷಣ ಮಾಡುವುದು ಋಣಗೇಡಿತನ. ಹೊರನಾಡಿನ ನಮ್ಮಂಥ ಬಳಗಗಳು ಈ ತಪ್ಪಿನಲ್ಲಿ ಇತರರಿಗಿಂತ ಮುಂದಿವೆ.

ಮೊದಲು ಈ ಕೆಲಸ ಏನೆಂಬುದನ್ನು ತಿಳಿಯಬೇಕು. ಡೆಬಿಯನ್ ಯೋಜನೆಯನ್ನು ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಆರಂಭಿಸಿದರು. ಅದಕ್ಕೆ ಮಾಲೀಕರಿಲ್ಲ. ಮತದ ಹಕ್ಕುಳ್ಳ ಸುಮಾರು ಸಾವಿರ ಮಂದಿ ಸದಸ್ಯರು ವರ್ಷಕ್ಕೊಮ್ಮೆ ತಮ್ಮ ನಾಯಕರನ್ನು ಆರಿಸಿಕೊಳ್ಳುತ್ತಾರೆ. 2025ರ ಆಗಸ್ಟ್ 9ರಂದು ಹೊರಬಂದ ಅದರ ಆವೃತ್ತಿಯಲ್ಲಿ 69,830 ಪ್ಯಾಕೇಜುಗಳಿವೆ. ಪ್ಯಾಕೇಜು ಎಂದರೆ ಒಂದು ತಂತ್ರಾಂಶವನ್ನೋ ಫಾಂಟನ್ನೋ ಬಳಕೆದಾರನ ಯಂತ್ರದಲ್ಲಿ ತಂಟೆಯಿಲ್ಲದೆ ಕೂರುವಂತೆ ಕಟ್ಟಿಟ್ಟ ಗಂಟು. ಪ್ರತಿಯೊಂದು ಗಂಟಿಗೂ ಒಬ್ಬ ನಿರ್ವಾಹಕರೋ ಒಂದು ತಂಡವೋ ಹೊಣೆ. ಮೂಲ ಕರ್ತೃ ಹೊಸ ಆವೃತ್ತಿ ಬರೆದಾಗ ಅದನ್ನು ತರಿಸಿ ಪರೀಕ್ಷಿಸುವುದು, ಪರವಾನಗಿ ಮುಕ್ತವಾಗಿದೆಯೇ ಎಂದು ನೋಡುವುದು, ಬಳಕೆದಾರರು ಕಳಿಸಿದ ದೋಷಗಳ ವರದಿಯನ್ನು ಓದಿ, ಅದೇ ದೋಷವನ್ನು ತಮ್ಮ ಯಂತ್ರದಲ್ಲಿ ಮತ್ತೆ ಹುಟ್ಟಿಸಿ, ಕಾರಣ ಹುಡುಕಿ ತಿದ್ದುವುದು, ತಿದ್ದಿದ್ದು ಇನ್ನೊಂದನ್ನು ಕೆಡಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಅವರ ಕೆಲಸ. ಇದಕ್ಕೆ ಬಹುಪಾಲು ಮಂದಿಗೆ ಸಂಬಳವಿಲ್ಲ.

ಗ್ರಂಥಸಂಪಾದನೆಯ ಪರಿಚಯವುಳ್ಳ ನಮ್ಮ ಓದುಗರಿಗೆ ಈ ಕೆಲಸ ಹೊಸದೆನಿಸದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಅವಳಿಗೆ ದಾನಚಿಂತಾಮಣಿಯೆಂಬ ಬಿರುದು ಸಂದಿತು, ಸರಿಯಾಗಿಯೇ ಸಂದಿತು. ಆದರೆ ಆ ಸಾವಿರ ಪ್ರತಿಗಳ ಓಲೆಗರಿ ಕೊಯ್ದವರು, ಕಂಟದಿಂದ ಕೊರೆದವರು, ಹಿಂದಿನ ಪ್ರತಿಯ ಲೋಪ ಕಂಡು ತಿದ್ದಿದವರು ಎಷ್ಟು ಮಂದಿ? ಹುಳ ಹಿಡಿದ ಓಲೆಯನ್ನು ಮುಂದಿನ ತಲೆಮಾರುಗಳಲ್ಲಿ ಮತ್ತೆ ನಕಲು ಮಾಡಿದವರು ಯಾರು? ಬರೆದವನೊಬ್ಬ, ಬರೆಸಿದವಳೊಬ್ಬಳು ನಮಗೆ ಗೊತ್ತು, ಉಳಿಸಿದವರು ಗೊತ್ತಿಲ್ಲ. ಡೆಬಿಯನ್‌ನ ನಿರ್ವಾಹಕರು ಆ ಹೆಸರಿಲ್ಲದ ಲಿಪಿಕಾರರ ವಂಶದವರು. ಅವರು ಹೊರಗೆ ಹೋದಾಗ ಪ್ಯಾಕೇಜಿಗೆ ಆ ಯೋಜನೆಯೊಳಗೆ ಬಳಸುವ ಪದವೇ ‘ಅನಾಥ’. ಅನಾಥವಾದದ್ದನ್ನು ಯಾರೂ ದತ್ತು ತೆಗೆದುಕೊಳ್ಳದಿದ್ದರೆ, ಗಂಭೀರ ದೋಷಗಳು ತಿದ್ದದೆ ಉಳಿದರೆ, ಮುಂದಿನ ಆವೃತ್ತಿಯಿಂದ ಅದು ಕಾಣೆಯಾಗಬಹುದು. 2025ರ ಆವೃತ್ತಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಳೆಯ ಪ್ಯಾಕೇಜುಗಳನ್ನು ಕೈಬಿಡಲಾಯಿತು. ನಮ್ಮ ಬಳಗದ ಹುಡುಗಿ ಬಿಡಲಿದ್ದ ಪ್ಯಾಕೇಜು ಅಂಥ ಪಟ್ಟಿಯ ಹೊಸ್ತಿಲಲ್ಲಿ ನಿಂತಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ನಮ್ಮ ಬಳಗದಲ್ಲೇ ಎದ್ದಿತು. ಇದು ತಂತ್ರಜ್ಞರ ವಿಷಯ, ಸಾಹಿತ್ಯದ ಬಳಗಕ್ಕೆ ಇದರಿಂದ ಏನಾಗಬೇಕು?

ನಮ್ಮ ಸಂಚಿಕೆಯದೇ ಉದಾಹರಣೆ ಕೊಡುತ್ತೇವೆ. ‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವತ್ತಾಗಿ ಬಲಕ್ಕೆ ಸರಿಯುತ್ತದೆ. ‘ರ‍್ಯಾಂಕ್’ ಎಂದು ಬರೆದಾಗ ರಕಾರ ನಿಂತು ಯಕಾರ ಒತ್ತಾಗಬೇಕು. ಕಂಪ್ಯೂಟರಿಗೆ ಎರಡರಲ್ಲೂ ಅಕ್ಷರಗಳ ಸಾಲು ಒಂದೇ. ಭೇದವನ್ನು ತಿಳಿಸುವುದು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಒಂದು ಸಂಕೇತ. ಅದನ್ನು ಕೀಲಿಮಣೆ ಹೊರಡಿಸಬೇಕು, ಅಕ್ಷರ ಜೋಡಿಸುವ ತಂತ್ರಾಂಶ ಗ್ರಹಿಸಬೇಕು, ಫಾಂಟು ಬಿಡಿಸಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೂ ಪದ ಕೆಡುತ್ತದೆ. ನಮ್ಮ ಸಂಚಿಕೆಯ ಒಂದು ಲೇಖನದಲ್ಲಿ ಕೆಟ್ಟಿತ್ತು. ನಮ್ಮವಳು ವರದಿ ಬರೆದಳು. ದೂರದ ಊರಿನ, ಕನ್ನಡ ಓದಲು ಬಾರದ ಒಬ್ಬರು ಅವಳನ್ನು ನಾಲ್ಕು ಪ್ರಶ್ನೆ ಕೇಳಿ, ವಾರದೊಳಗೆ ತಿದ್ದಿಕೊಟ್ಟರು. ಓದಲು ಬಾರದ ಭಾಷೆಯ ಒತ್ತಕ್ಷರಕ್ಕಾಗಿ ರಾತ್ರಿ ನಿದ್ದೆಗೆಟ್ಟವರ ಮುಂದೆ, ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಕನ್ನಡದ ಬಳಗವೊಂದು ಹೇಳುವುದು ಎಂಥ ವಿಪರ್ಯಾಸ!

ನೋಡಿಕೊಳ್ಳುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಸಾಕ್ಷಿ ‘ಪೞಗನ್ನಡ’ ಎಂಬ ಪದದ ಎರಡನೆಯ ಅಕ್ಷರ. ಚೆನ್ನೈಯಲ್ಲಿರುವ ನಮಗೆ ಅದರ ಸದ್ದು ನಿತ್ಯದ್ದು. ತಮಿಳಿನ ಹೆಸರಿನ ಕೊನೆಯಲ್ಲೇ ಅದು ಕುಳಿತಿದೆ. ಯೂನಿಕೋಡ್ ಪಟ್ಟಿಗೆ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಸೇರಿತು. ಆದರೆ ಈ ಅಕ್ಷರಕ್ಕೆ ಅಲ್ಲಿ ದಾಖಲಾದ ಇಂಗ್ಲಿಷ್ ಹೆಸರು ‘ಫ’ ಎಂದು! ಒಮ್ಮೆ ದಾಖಲಾದ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಆದ್ದರಿಂದ ತಪ್ಪನ್ನು ಒಪ್ಪಿಕೊಂಡು ಸರಿಯಾದ ಪರ್ಯಾಯನಾಮವೊಂದನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ತಪ್ಪು ಹೆಸರು ಮಾತ್ರ ಶಾಶ್ವತವಾಗಿ ಉಳಿಯಿತು. ಹಳಗನ್ನಡದ ನಕಾರಪೊಲ್ಲು ಆ ಪಟ್ಟಿ ಸೇರಲು 2021ರವರೆಗೆ ಕಾಯಬೇಕಾಯಿತು. ಪಟ್ಟಿಗೆ ಸೇರಿದರೂ ಸಾಲದು; ಪ್ರತಿಯೊಂದು ಫಾಂಟಿನಲ್ಲೂ ಅದನ್ನು ಯಾರೋ ಬಿಡಿಸಬೇಕು, ಯಾರೋ ಆ ಫಾಂಟನ್ನು ವಿತರಣೆಗೆ ಮುಟ್ಟಿಸಬೇಕು. ಅಕ್ಷರಕ್ಕೆ ಸಂಬಂಧಿಸಿದ ಇದು ಸಾಹಿತ್ಯಕ್ಕೆ ಸಂಬಂಧಿಸಿದ್ದಲ್ಲವಾದರೆ ಮತ್ತಾವುದು? ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ್ದು ಹವ್ಯಾಸಕ್ಕಲ್ಲ. ಭಾಷೆಯ ಮುಂದಿನ ನೆಲೆ ಯಾವುದೆಂದು ಅವರು ಕಂಡಿದ್ದರು.

ಎರಡನೆಯ ಆಕ್ಷೇಪ: ಸರ್ಕಾರವಿದೆ, ದೊಡ್ಡ ಕಂಪನಿಗಳಿವೆ, ಅವು ನೋಡಿಕೊಳ್ಳುತ್ತವೆ.

ಅವು ಮಾಡಿದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಲೋಹಿತ್ ಫಾಂಟುಗಳನ್ನು ರೆಡ್ ಹ್ಯಾಟ್ ಕಂಪನಿ ಮುಕ್ತವಾಗಿ ಬಿಟ್ಟುಕೊಟ್ಟಿತು. ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಬೆಳೆಸಿದವರಲ್ಲಿ ಕಂಪನಿಗಳ ಸಂಬಳ ಪಡೆದವರೂ ಇದ್ದಾರೆ. ಪಲ್ಲಾವರಂನ ಪಕ್ಕದ ಕ್ರೋಂಪೇಟೆಯಲ್ಲೇ, ಎಂ.ಐ.ಟಿ. ಆವರಣದ ಎ.ಯು.-ಕೆ.ಬಿ.ಸಿ. ಸಂಶೋಧನ ಕೇಂದ್ರವೂ ಚೆನ್ನೈಯ ಸಿ-ಡ್ಯಾಕ್ ಸಂಸ್ಥೆಯೂ ಕೂಡಿ ಮುಕ್ತ ತಂತ್ರಾಂಶದ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ನಡೆಸಿದವು. ಭಾರತೀಯ ಭಾಷೆಗಳಿಗೆಂದು ಹೊರಬಂದ ‘ಬಾಸ್’ ಎಂಬ ಲಿನಕ್ಸ್ ಅಲ್ಲಿಂದಲೇ ಬಂತು. ಆದರೆ ಬಾಸ್ ನಿಂತಿರುವುದು ಯಾವುದರ ಮೇಲೆ? ಡೆಬಿಯನ್ ಮೇಲೆ. ಡೆಬಿಯನ್ ನಿಂತಿರುವುದು ಯಾವುದರ ಮೇಲೆ? ಸಂಬಳವಿಲ್ಲದವರ ರಾತ್ರಿಗಳ ಮೇಲೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ನಮಗೆ ದೊರೆಯುವುದು ಜಪಾನಿನ ಸಂಶೋಧಕರು ಆರಂಭಿಸಿದ ಎಂ17ಎನ್ ಎಂಬ ಭಂಡಾರದ ಮೂಲಕ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಎರಡು ಕನ್ನಡ ಫಾಂಟುಗಳು ಡೆಬಿಯನ್‌ನಲ್ಲಿವೆ. ಅವು ಸರ್ಕಾರದ ಆದೇಶದಿಂದ ಬಂದವಲ್ಲ, ಕನ್ನಡದ ಉತ್ಸಾಹಿಗಳು ಬಿಡುವಿನಲ್ಲಿ ಮಾಡಿ ಹಂಚಿದವು.

ಸರ್ಕಾರಕ್ಕೂ ಕಂಪನಿಗಳಿಗೂ ಲೋಕಾರ್ಪಣೆಯ ದಿನ ಮುಖ್ಯ. ರಿಬ್ಬನ್ ಕತ್ತರಿಸಿದ ಮರುದಿನದಿಂದ ಶುರುವಾಗುವ ಕೆಲಸಕ್ಕೆ ಫೋಟೋ ಇರುವುದಿಲ್ಲ. ಯೂನಿಕೋಡ್‌ಗೆ ಮುಂಚಿನ ಸಂಕೇತಕ್ರಮಗಳಲ್ಲಿ ಅಚ್ಚುಮೊಳೆಗೆ ಹೋದ ಕನ್ನಡದ ಎಷ್ಟೋ ಪುಸ್ತಕಗಳ ಕಡತಗಳನ್ನು ಇಂದು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅವನ್ನು ಓದುವಂತೆ ಮಾಡುವ ಪರಿವರ್ತಕಗಳನ್ನು ಬರೆದವರಲ್ಲಿ ಸ್ವಯಂಸೇವಕರಿದ್ದಾರೆ. ಯಾವ ಸಮಾರಂಭದಲ್ಲೂ ಅವರಿಗೆ ಶಾಲು ಹೊದಿಸಿದ್ದನ್ನು ನಾವು ಕಂಡಿಲ್ಲ.

ಮೂರನೆಯ ಆಕ್ಷೇಪ ಸೌಮ್ಯವಾದದ್ದು, ಅದಕ್ಕೇ ಹೆಚ್ಚು ಅಪಾಯದ್ದು. ಅವರು ಪ್ರೀತಿಯಿಂದ ಮಾಡುತ್ತಾರೆ; ಇದು ಸೇವೆ; ಸೇವೆಗೆ ಲೆಕ್ಕ ಕಟ್ಟಿದರೆ ಅದರ ಪಾವಿತ್ರ್ಯ ಹೋಗುತ್ತದೆ.

ಕಾಯಕವೆಂಬ ಪದವನ್ನು ಕೊಟ್ಟ ನಾಡಿನವರು ಹೀಗೆ ಹೇಳಬಾರದು. ಕಾಯಕದ ಜತೆಗೇ ನಮ್ಮ ಶರಣರು ದಾಸೋಹವನ್ನೂ ಹೇಳಿದರು. ಒಂದನ್ನು ಇನ್ನೊಬ್ಬರ ಹೆಗಲಿಗೆ ಹಾಕಿ, ಇನ್ನೊಂದನ್ನು ನಾವು ಉಣ್ಣುವುದು ಶರಣಧರ್ಮವಲ್ಲ. ಪ್ರೀತಿಯನ್ನೇ ನೆಚ್ಚಿ ಕೂತರೆ ಏನಾಗುತ್ತದೆಂದು ಲೋಕ ಎರಡು ಸಲ ಕಂಡಿದೆ. ಬ್ಯಾಂಕಿನ ವ್ಯವಹಾರಗಳನ್ನೂ ಕಾಯುತ್ತಿದ್ದ ಓಪನ್ ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರಲ್ಲಿ ಭಾರಿ ದೋಷವೊಂದು ಬಯಲಾದಾಗ, ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂದು ತಿಳಿಯಿತು. ನಮ್ಮ ಒಂದು ಸಂಗೀತ ಕಛೇರಿಯ ಖರ್ಚು ಅದು!

ಎರಡನೆಯದು ಇನ್ನೂ ಕಹಿ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವನ್ನು ಫಿನ್ಲೆಂಡಿನ ಒಬ್ಬರೇ ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅಪರಿಚಿತರು ಕೆಲವರು, ಕೆಲಸ ನಿಧಾನವಾಯಿತೆಂದು ಅವರನ್ನು ಸತತವಾಗಿ ಚುಚ್ಚಿದರು. ತಮಗೆ ಮಾನಸಿಕ ಆರೋಗ್ಯದ ತೊಂದರೆಯಿದೆ, ಇದು ಸಂಬಳವಿಲ್ಲದ ಹವ್ಯಾಸವೆಂದು ಅವರು ತಿಳಿಸಿದರು. ಆ ಹೊತ್ತಿನಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ನೆರವಿನ ಕೈಯೊಂದು ಚಾಚಿತ್ತು. ತಾಳ್ಮೆಯಿಂದ ನಂಬಿಕೆ ಗಳಿಸಿದ ಆ ಹೆಸರು ಕಡೆಗೆ ತಂತ್ರಾಂಶದೊಳಗೆ ಕಳ್ಳಬಾಗಿಲೊಂದನ್ನು ಕೊರೆಯಿತು. 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಡೆಬಿಯನ್‌ನ ‘ಅಸ್ಥಿರ’ ಆವೃತ್ತಿಯಲ್ಲಿ ಕೆಲಸ ಮಾಡುವಾಗ, ದೂರದ ಯಂತ್ರಕ್ಕೆ ಪ್ರವೇಶ ದೊರೆಯಲು ಅರ್ಧ ಸೆಕೆಂಡು ತಡವಾದದ್ದು ಅವರಿಗೆ ಸೋಜಿಗವೆನಿಸಿತು. ಆ ಸೋಜಿಗದ ಬೆನ್ನು ಹತ್ತಿ ಹೋದದ್ದರಿಂದ ಜಗತ್ತು ಪಾರಾಯಿತು. ನಾವು ಈ ಕತೆಯನ್ನು ಫ್ರಾಯಿಂಡ್ ಅವರ ಚುರುಕುತನಕ್ಕಾಗಿ ಹೇಳುತ್ತಿಲ್ಲ. ಒಬ್ಬನೇ ದುಡಿದು ದಣಿದವನಿಗೆ ಜತೆಯಾಗಲು ಒಳ್ಳೆಯವರು ಯಾರೂ ಬಾರದಿದ್ದಾಗ ಕೆಟ್ಟವನು ಬಂದ. ನೆರವು ಬೇಕಾದ ಕಡೆ ನಾವು ಬಿಟ್ಟ ತೆರವಿನಲ್ಲಿ ಕಳ್ಳ ಕೂರುತ್ತಾನೆ ಎಂಬುದು ಇದರ ಪಾಠ.

ನಮ್ಮ ಪೂರ್ವಿಕರಿಗೆ ಈ ಪಾಠ ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಪುಣ್ಯವಂತರ ಹೆಸರು ಇದೆ. ಅದರ ಜತೆಗೇ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳೂ ಇವೆ. ಕೆರೆಯನ್ನು ಕಟ್ಟಿ, ಮುಂದೆಯೂ ಪೊರೆಯುವುದಕ್ಕೆಂದು ಬಿಟ್ಟ ಭೂಮಿ ಅದು. ಹೂಳು ಸಾಗಿಸುವ ಬಂಡಿಗೂ ದತ್ತಿಯಿತ್ತು. ಪಲ್ಲಾವರಂನಿಂದ ಬಹು ದೂರವಲ್ಲದ ಉತ್ತಿರಮೇರೂರಿನಲ್ಲಿ, ಹತ್ತನೆಯ ಶತಮಾನದ ಚೋಳ ಪರಾಂತಕನ ಕಾಲದ ಶಾಸನವಿದೆ. ಊರಿನ ಕೆರೆಯ ವಾರ್ಷಿಕ ಸಮಿತಿಗೆ ಚೀಟಿಯೆತ್ತಿ ಸದಸ್ಯರನ್ನು ಆರಿಸುವ ಕ್ರಮವನ್ನು ಅದು ವಿವರಿಸುತ್ತದೆ. ಹಿಂದಿನ ಲೆಕ್ಕ ಒಪ್ಪಿಸದವರು ಅನರ್ಹರೆಂದೂ ಹೇಳುತ್ತದೆ. ಕೆರೆ ಒಂದು ದಿನದ ಉತ್ಸವವಲ್ಲ, ವರ್ಷವರ್ಷದ ಹೊಣೆಯೆಂದು ಅವರು ಕಲ್ಲಿನ ಮೇಲೆಯೇ ಬರೆದಿಟ್ಟರು. ಇಂದು ಪಲ್ಲಾವರಂನ ಪೆರಿಯ ಏರಿಯನ್ನು ನೋಡಿ. ತೊರೈಪಾಕ್ಕಂ ರಸ್ತೆ ಅದರ ನಡುವೆ ಹಾದು ದೊಡ್ಡ ಕೆರೆಯನ್ನು ಎರಡು ಹೋಳು ಮಾಡಿದೆ. ಕಸ ಬಿದ್ದು ಬಿದ್ದು ನೀರಿನ ನೆಲೆ ಕುಗ್ಗಿದೆ. ರಸ್ತೆ ಕಟ್ಟಿದ ಸಂಭ್ರಮ ಎಲ್ಲರಿಗೂ ಇತ್ತು, ಕೆರೆ ಕಾಯುವ ಸಮಿತಿ ಯಾರಿಗೂ ನೆನಪಾಗಲಿಲ್ಲ. ಕನ್ನಡದ ಡಿಜಿಟಲ್ ಕೆರೆಗೂ ಇದೇ ಗತಿ ಬರಬೇಕೇ?

ಹೊರನಾಡಿನ ಬಳಗಗಳನ್ನೇ ನಾವು ಮೊದಲು ಗದರಲು ಕಾರಣವಿದೆ. ಊರಿನಲ್ಲಿರುವವರಿಗೆ ಅಂಗಡಿಯ ಫಲಕದಲ್ಲಿ, ಬಸ್ಸಿನ ಹಣೆಯಲ್ಲಿ, ಪಕ್ಕದ ಮನೆಯ ಜಗಳದಲ್ಲಿ ಕನ್ನಡ ಸಿಗುತ್ತದೆ. ನಮಗೆ ಅದು ಸಿಗುವುದು ಬಹುಮಟ್ಟಿಗೆ ಪರದೆಯ ಮೇಲೆ. ಮಕ್ಕಳಿಗೆ ಪಾಠ, ಅಜ್ಜಿಗೆ ಕಾಗದ, ಬಳಗಕ್ಕೆ ಆಹ್ವಾನ, ಸತ್ತವರಿಗೆ ನುಡಿನಮನ, ಎಲ್ಲ ಅಲ್ಲಿಯೇ. ಯಾರಿಗೆ ಈ ಕೆರೆಯ ನೀರು ಹೆಚ್ಚು ಬೇಕೋ ಅವರು ಹೂಳೆತ್ತಲು ಮೊದಲು ಇಳಿಯಬೇಕು. ನೆರೆಯ ಮಲಯಾಳಿಗಳು ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಸಮುದಾಯ ಕಟ್ಟಿ ತಮ್ಮ ಫಾಂಟುಗಳನ್ನು ತಾವೇ ಪೊರೆಯುತ್ತಿದ್ದಾರೆ. ಜಗತ್ತಿನ ಡೆಬಿಯನ್ ಬಳಗದ ವಾರ್ಷಿಕ ಸಮ್ಮೇಳನ 2023ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ನಡೆಯಿತು. ಕನ್ನಡದಲ್ಲಿ ಶಕ್ತಿ ಇಲ್ಲವೆಂದಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂಡಿಹಾಕಿದ ಒಂದೂವರೆ ಲಕ್ಷ ನಮೂದುಗಳ ‘ಅಲರ್’ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರೆಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದಲು ಬರುವಂತೆ ಸಂಚಯದ ಗೆಳೆಯರು ‘ವಚನ ಸಂಚಯ’ವನ್ನು ಕಟ್ಟಿದರು. ಬೆಂಗಳೂರಿನ ಜೆರೋಧ ಸಂಸ್ಥೆ 2024ರ ಅಕ್ಟೋಬರಿನಲ್ಲಿ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ಶಕ್ತಿ ಇದೆ, ಬಳಗಗಳ ಗಮನ ಅತ್ತ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಪ್ರತಿ ಬಳಗವೂ ತನ್ನ ವಾರ್ಷಿಕ ಲೆಕ್ಕಪತ್ರದಲ್ಲಿ ‘ಬಿತ್ತುವಟ್ಟ’ ಎಂಬ ಒಂದು ಬಾಬನ್ನು ಇಡಲಿ. ರಾಜ್ಯೋತ್ಸವದ ಖರ್ಚಿನ ಇಪ್ಪತ್ತನೆಯ ಒಂದು ಪಾಲು ಸಾಕು. ಅದು ಕನ್ನಡಕ್ಕೆ ಬೇಕಾದ ಒಂದು ಫಾಂಟಿಗೋ ಪ್ಯಾಕೇಜಿಗೋ ಪ್ರತಿ ವರ್ಷ ತಪ್ಪದೆ ಹೋಗಲಿ. ಹಣವಿಲ್ಲದವರು ಕಣ್ಣು ಕೊಡಲಿ. ಅಕ್ಷರ ಕೆಟ್ಟಾಗ ಬೈದು ಸುಮ್ಮನಾಗುವ ಬದಲು ಯಾವ ಪದ, ಯಾವ ಫಾಂಟು, ಯಾವ ತಂತ್ರಾಂಶ, ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು ಎಂದು ನಾಲ್ಕು ಸಾಲು ಬರೆದು ಕಳಿಸಲಿ. ಹಳಗನ್ನಡ ಬಲ್ಲ ಒಬ್ಬ ನಿವೃತ್ತ ಮೇಷ್ಟರ ಅಂಥ ನಾಲ್ಕು ಸಾಲು ಒಬ್ಬ ತಂತ್ರಜ್ಞನ ನಾಲ್ಕು ರಾತ್ರಿಗಳನ್ನು ಉಳಿಸುತ್ತದೆ. ಕಡೆಯದಾಗಿ, ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಮುದ್ರಕರ ಹೆಸರಿನ ಪಕ್ಕದಲ್ಲಿ ಫಾಂಟಿನ ಹೆಸರು, ಅದನ್ನು ಪೊರೆಯುವವರ ಹೆಸರು ಇರಲಿ.

ಇದನ್ನು ಉಪದೇಶವಾಗಿ ಹೇಳುವ ಹಕ್ಕು ನಮಗಿಲ್ಲ. ನಾವೂ ಮೊನ್ನೆಯಷ್ಟೇ ಕಣ್ಣು ತೆರೆದವರು. ನಮ್ಮ ಖಜಾಂಚಿಯವರು ಈ ಸಲದ ಅಂದಾಜು ಪಟ್ಟಿಯಲ್ಲಿ ಆ ಬಾಬನ್ನು ಸೇರಿಸಿದ್ದಾರೆ. ಬಳಗದ ಇಬ್ಬರು ತಿಂಗಳಿಗೊಂದು ಭಾನುವಾರ ಅವಳ ಪಕ್ಕದಲ್ಲಿ ಕೂತು ದೋಷಗಳ ವರದಿಗಳನ್ನು ಓದುವುದು, ವಿಂಗಡಿಸುವುದು ಕಲಿಯುತ್ತಿದ್ದಾರೆ. ಇಬ್ಬರಿಗೂ ವಯಸ್ಸು ಅರವತ್ತು ದಾಟಿದೆ, ಕಲಿಕೆ ನಿಧಾನ. ಪ್ಯಾಕೇಜನ್ನು ಅವಳು ಸದ್ಯಕ್ಕೆ ಅನಾಥರ ಪಟ್ಟಿಗೆ ಸೇರಿಸಿಲ್ಲ. ಸೇರಿಸುವುದೇ ಇಲ್ಲವೆಂದು ಮಾತು ಕೊಟ್ಟಿಲ್ಲ, ನಾವು ಕೇಳಿಯೂ ಇಲ್ಲ. ಮುಂದಿನ ಸಂಚಿಕೆಯ ಕೊನೆಯ ಪುಟವನ್ನು ಮಾತ್ರ ಈಗಲೇ ಬರೆದಿಟ್ಟೆವು. ತೋರಿಸಿದಾಗ, ತನ್ನ ಹೆಸರು ಬೇಡ, ಪ್ಯಾಕೇಜಿನ ಹೆಸರೊಂದೇ ಸಾಕೆಂದಳು. ಎರಡನ್ನೂ ಅಚ್ಚು ಮಾಡುತ್ತೇವೆ.